ಉದ್ಯೋಗ ಸಿದ್ಧತೆಯ ಮೊದಲ ತಂಡ

ಕುಲಪತಿಗಳಿಗೆ ಹೊಸ ಪದವಿಗಳ ಹುಚ್ಚು ಹಿಡಿದ ವರ್ಷ ಆ ಪುಟ್ಟ ವಿಶ್ವವಿದ್ಯಾಲಯದಲ್ಲಿ ಕೈತುಂಬ ಕೆಲಸ ಸಿಕ್ಕಿದ್ದು ಒಬ್ಬನಿಗೇ, ಬೋರ್ಡು ಬರೆಯುವವನಿಗೆ. ಬೆಳಿಗ್ಗೆ ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತಿದರೆ ಸಂಜೆಯವರೆಗೂ ಇಳಿಯುತ್ತಿರಲಿಲ್ಲ. ಇತಿಹಾಸ ವಿಭಾಗ ಅಳಿಸಿಹೋಗಿ ‘ಪರಂಪರೆ ಮಾರುಕಟ್ಟೆ’ ಆಯಿತು. ತತ್ವಶಾಸ್ತ್ರ ‘ನಿರ್ಧಾರ ನಿರ್ವಹಣೆ’ ಆಯಿತು. ಹಳೆಯ ಕಾವ್ಯ ಓದಿಸುತ್ತ ಓದಿಸುತ್ತ ತಾವೇ ಕಣ್ಣೊರೆಸಿಕೊಳ್ಳುತ್ತಿದ್ದ ಭಾಷಾ ವಿಭಾಗದ ಮೇಡಂ ರಜೆ ಮುಗಿಸಿ ಬಂದು ನೋಡಿದರೆ ‘ಇ-ಮೇಲ್ ಶಿಷ್ಟಾಚಾರ’ದ ಮುಖ್ಯಸ್ಥೆಯಾಗಿದ್ದರು. ಪದವಿಗಳು ಹೆಚ್ಚಾದವು, ಕೋಣೆಗಳು ಇದ್ದಷ್ಟೇ ಇದ್ದವು. ಕೊನೆಗೆ ಒಂದೊಂದು ಬಾಗಿಲಿಗೂ ಎರಡು ಮೂರು ಬೋರ್ಡು ತೂಗುಹಾಕಿ, ಯಾವ ಪಾಠ ನಡೆಯುತ್ತಿದೆಯೋ ಆ ಬೋರ್ಡನ್ನು ಮುಂದಕ್ಕೆ ತಿರುಗಿಸಬೇಕೆಂದು ಸುತ್ತೋಲೆ ಹೊರಟಿತು. ತಿರುಗಿಸಲು ಮರೆತವರ ಕ್ಲಾಸಿಗೆ ಬೇರೆ ಪದವಿಯವರು ಬಂದು ಕೂತು, ಪೂರ್ತಿ ಪಾಠ ಕೇಳಿ, ಟಿಪ್ಪಣಿ ಬರೆದುಕೊಂಡು ಎದ್ದು ಹೋಗುತ್ತಿದ್ದರು. ಪರೀಕ್ಷೆಯಲ್ಲಿ ಅವರೂ ಪಾಸಾಗುತ್ತಿದ್ದರು.

ಈ ಗಲಾಟೆಯಲ್ಲಿ ಭೂವಿಜ್ಞಾನಕ್ಕೆ ಮಾತ್ರ ಹೊಸ ಹೆಸರು ಹೊಳೆಯಲಿಲ್ಲ. ಆ ವಿಭಾಗದಲ್ಲಿ ಉಳಿದಿದ್ದವರು ಒಬ್ಬರೇ ಒಬ್ಬರು. ದಾರಿಯಲ್ಲಿ ಯಾವ ಕಲ್ಲು ಕಂಡರೂ ಬಗ್ಗಿ ಎತ್ತಿಕೊಂಡು ಅದರ ಪೂರ್ವೋತ್ತರ ಹೇಳುವ ಚಾಳಿಯಿಂದ ಅವರಿಗೆ ಕಲ್ಲು ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಕುಲಪತಿಗಳು ಅವರನ್ನು ಕರೆಸಿದರು.

“ಕಲ್ಲಿಗೆ ಭವಿಷ್ಯ ಇಲ್ಲ ಮೇಷ್ಟ್ರೇ. ನಿಮಗಿದೆ. ‘ಉದ್ಯೋಗ ಸಿದ್ಧತೆ’ ಅಂತ ಹೊಸ ಪದವಿ ಶುರು ಮಾಡ್ತಿದೀವಿ. ಪೂರ್ತಿ ಮೂರು ವರ್ಷದ್ದು. ನೀವೇ ನಿರ್ದೇಶಕರು.”

“ಯಾವ ಉದ್ಯೋಗಕ್ಕೆ ಸಿದ್ಧತೆ ಸಾರ್?”

“ಅಲ್ಲೇ ಇರೋದು ನೋಡಿ ಮಜಾ! ಯಾವುದಕ್ಕಾದ್ರೂ!” ಕುಲಪತಿಗಳು ಮೇಜು ಕುಟ್ಟಿದರು. “ಒಂದನ್ನ ಕಲಿಸಿದ್ರೆ ಒಂದೇ ಕೆಲಸಕ್ಕೆ ಆಗ್ತಾರೆ. ಏನನ್ನೂ ಕಲಿಸದೆ ಬರೀ ಸಿದ್ಧ ಮಾಡಿಟ್ರೆ ಎಲ್ಲಾ ಕೆಲಸಕ್ಕೂ ಆಗ್ತಾರೆ. ಇಷ್ಟು ದಿನ ಇದು ಯಾರಿಗೂ ಹೊಳೆದೇ ಇರ್ಲಿಲ್ಲ.”

ಷರತ್ತು ಒಂದೇ. ಪದವಿಗೆ ಕನಿಷ್ಠ ಹದಿನೈದು ಮಂದಿ ಸೇರಬೇಕು. ಒಬ್ಬರು ಕಡಿಮೆಯಾದರೂ ಪದವಿ ರದ್ದು, ಅದರ ಜೊತೆಗೆ ಮೇಷ್ಟ್ರ ನೌಕರಿಯೂ ರದ್ದು. ಮೇಷ್ಟ್ರು ಊರೆಲ್ಲ ಸುತ್ತಿದರು, ಶಾಲೆಗಳ ಮುಂದೆ ನಿಂತು ಕರಪತ್ರ ಹಂಚಿದರು, ಗುರುತಿಲ್ಲದ ತಂದೆತಾಯಿಗಳ ಮುಂದೆ ಹಲ್ಲು ಗಿಂಜಿದರು. ಪ್ರವೇಶದ ಕೊನೆಯ ದಿನ ಹತ್ತಿರ ಬಂದಾಗ ಸಿಕ್ಕಿದ್ದವರು ಹದಿನಾಲ್ಕು ಮಂದಿ.

ಆ ಹೊತ್ತಿಗೆ ಮೇಷ್ಟ್ರ ಮಗಳು ಪಕ್ಕದ ಊರಿನ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನಕ್ಕೆ ಸೇರಲು ಹೊರಟಿದ್ದಳು. ಬೇರೆ ಮಕ್ಕಳು ಗೊಂಬೆ ಹಿಡಿದು ಮಲಗುವ ವಯಸ್ಸಿನಲ್ಲಿ ಅವಳು ದಿಂಬಿನ ಕೆಳಗೆ ಬೆಣಚುಕಲ್ಲು ಇಟ್ಟುಕೊಂಡು ಮಲಗುತ್ತಿದ್ದಳು. ಅಪ್ಪನ ಹೆಗಲ ಮೇಲೆ ಕೂತು ಗುಡ್ಡ ಹತ್ತಿದವಳು, ಆಮೇಲೆ ಅಪ್ಪನಿಗಿಂತ ಮೊದಲೇ ಹತ್ತಿ ಮೇಲೆ ನಿಂತು ಕರೆಯುವವಳಾದಳು. ಅಂಥವಳನ್ನು ಊಟಕ್ಕೆ ಕೂತಾಗ ಮೇಷ್ಟ್ರು ಮುಖ ನೋಡದೆ ಮಾತಾಡಿಸಿದರು.

“ಕಲ್ಲಿಗೆ ಭವಿಷ್ಯ ಇಲ್ಲ ಕಣೇ ಪುಟ್ಟಿ. ನಮ್ಮಲ್ಲೇ ಹೊಸ ಪದವಿ ಬಂದಿದೆ. ಅದಕ್ಕೆ ಸೇರ್ಕೋ.”

ಮಗಳಿಗಿಂತ ಮೊದಲು ಹೆಂಡತಿಯ ಕಿವಿ ನಿಮಿರಿತು. “ಏನ್ರೀ ಇದು ಹೊಸ ರಾಗ? ಹುಟ್ಟಿದಾಗಿಂದ ಕಲ್ಲು ಕಲ್ಲು ಅಂತ ಅವಳ ತಲೆ ತಿಂದಿದ್ದು ಯಾರು? ನಾನಾ?”

“ಕಾಲ ಬದಲಾಗಿದೆ ಕಣೇ.”

“ನಿನ್ನೆ ರಾತ್ರಿವರೆಗೂ ಬದಲಾಗಿರ್ಲಿಲ್ಲ?”

ಮಗಳು ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ “ಆಯ್ತಪ್ಪ” ಅಂದಳು. ಹಟವಿಲ್ಲ, ಅಳುವಿಲ್ಲ. ಮೇಷ್ಟ್ರಿಗೆ ಎಷ್ಟು ನಿರಾಳವಾಯಿತೆಂದರೆ, ಇಷ್ಟು ಸುಲಭವಾಗಿ ಯಾಕೆ ಒಪ್ಪಿದಳೆಂದು ಕೇಳುವ ಗೋಜಿಗೂ ಅವರು ಹೋಗಲಿಲ್ಲ. ಮೇಷ್ಟ್ರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. ಆದರೆ ಹೆದರಿದವರು ಮಾಡುವ ಕೆಲಸವೂ ಕೆಟ್ಟವರು ಮಾಡುವ ಕೆಲಸವೂ ನೋಡಲು ಒಂದೇ ಥರ ಇರುತ್ತವೆ. ಅವಳಿಗೊಂದು ನಿಜವಾದ ನೌಕರಿ ಸಿಕ್ಕಿಬಿಟ್ಟರೆ ತಾನು ಮಾಡಿದ್ದು ತಪ್ಪಲ್ಲವೆಂದು ಆಗುತ್ತದೆ. ಆ ಒಂದು ಆಸೆಯ ಮೇಲೆ ಅವರು ಮೂರು ವರ್ಷ ನಿದ್ದೆ ಮಾಡಿದರು.

ಕಲ್ಲುಗಳ ಸಂಗ್ರಹಾಲಯವನ್ನು ಖಾಲಿ ಮಾಡಿ ಅಣಕು ಸಂದರ್ಶನದ ಕೋಣೆ ಮಾಡಿದರು. ಕಲ್ಲುಗಳೆಲ್ಲ ಗೋಣಿಚೀಲ ಸೇರಿ ಮೆಟ್ಟಿಲ ಕೆಳಗೆ ಹೋದವು. ಮೇಷ್ಟ್ರಿಗೆ ಸಂದರ್ಶನದ ವಿಷಯದಲ್ಲಿ ಇದ್ದ ಅನುಭವ ಜೀವನದಲ್ಲಿ ಒಂದು ಸಲ ತಾವು ಕೊಟ್ಟಿದ್ದು ಮಾತ್ರ. ಆದರೂ ಕಲಿಸಿದರು. ಹೇಗೆ ಒಳಗೆ ಬರಬೇಕು, ಕುರ್ಚಿಯನ್ನು ಸದ್ದಾಗದಂತೆ ಹೇಗೆ ಎಳೆಯಬೇಕು, ನಗುವಾಗ ಹಲ್ಲು ಕಾಣಿಸಬೇಕು ಒಸಡು ಕಾಣಿಸಬಾರದು, ಪ್ರಶ್ನೆ ಅರ್ಥವಾಗದಿದ್ದರೆ “ಒಳ್ಳೆಯ ಪ್ರಶ್ನೆ” ಎಂದು ಹೇಗೆ ತಲೆಯಾಡಿಸಬೇಕು. ನಿಮ್ಮ ದೌರ್ಬಲ್ಯವೇನು ಎಂದು ಕೇಳಿದರೆ ಹದಿನೈದು ಮಂದಿಗೂ ಒಂದೇ ದೌರ್ಬಲ್ಯವಿತ್ತು: ಕೆಲಸ ಕಂಡರೆ ಊಟ ಮರೆಯುವುದು. ಪ್ರತಿ ವಾರ ಅಣಕು ಸಂದರ್ಶನ. ಕಂಪನಿಯವರಾಗಿ ಒಂದು ಸಲ ಗ್ರಂಥಪಾಲಕರು ಬಂದು ಕೂತರೆ ಇನ್ನೊಂದು ಸಲ ಮೇಷ್ಟ್ರ ಭಾವಮೈದ ಬಾಡಿಗೆ ಕೋಟು ಹಾಕಿಕೊಂಡು ಬರುತ್ತಿದ್ದ. ಅವನಂತೂ ಪಾತ್ರದಲ್ಲಿ ಮುಳುಗಿ ಒಂದಿಬ್ಬರನ್ನು ಬೈದು ಅಳಿಸಿಯೂ ಇದ್ದ. “ಇದು ನಿಜವಾದ ಸಂದರ್ಶನ ಅಂತಲೇ ತಿಳ್ಕೊಳ್ಳಿ” ಎಂದು ಹೇಳದೆ ಮೇಷ್ಟ್ರು ಒಂದನ್ನೂ ಆರಂಭಿಸುತ್ತಿರಲಿಲ್ಲ.

ಇದರ ಕೊನೆಯಲ್ಲಿ ಒಂದು ಪದ್ಧತಿಯಿತ್ತು. ಆಯ್ಕೆಯಾದವರಿಗೆ ಪ್ಲಾಸ್ಟಿಕ್ ಹೊದಿಕೆಯ ನೇಮಕಾತಿ ಪತ್ರ ಕೊಡುವುದು, ವಿದ್ಯಾರ್ಥಿ ಅದನ್ನು ಎದೆಯ ಹತ್ತಿರ ಹಿಡಿದು ನಗುವುದು, ಫೋಟೋ ತೆಗೆಯುವುದು. ಪತ್ರ ಇದ್ದದ್ದು ಒಂದೇ. ಆದ್ದರಿಂದ ಹೊರಗೆ ಹೋಗುವ ಬಾಗಿಲ ಬಳಿ ಟ್ರೇ ಇಟ್ಟು, ಅದರಲ್ಲಿ ಪತ್ರ ಇಟ್ಟು “ಧನ್ಯವಾದ ಸಾರ್” ಎಂದು ಹೇಳಿ ಹೋಗಬೇಕು. ಮೇಷ್ಟ್ರು ಅದನ್ನು ಒರೆಸಿ ಮುಂದಿನವರಿಗಾಗಿ ಮೇಜಿಗೆ ಮರಳಿಸುತ್ತಿದ್ದರು. ಆರಂಭದಲ್ಲೊಮ್ಮೆ ಒಬ್ಬ ಹುಡುಗ ಪತ್ರವನ್ನು ಮನೆಗೇ ಒಯ್ದುಬಿಟ್ಟಿದ್ದ. ಅವನ ಅಜ್ಜಿ ಅದನ್ನು ಬೀದಿಗೆಲ್ಲ ತೋರಿಸಿ, ಕೆಲಸಕ್ಕೆ ಯಾವತ್ತಿಂದ ಬರಬೇಕೆಂದು ಕೇಳಲು ಮಗ ಸೊಸೆಯನ್ನು ಕರೆದುಕೊಂಡು ಕುಲಪತಿಗಳ ಕೋಣೆಗೇ ಬಂದಿದ್ದರು. ಅವತ್ತಿನಿಂದ ಪತ್ರ ವಾಪಸು ಮಾಡುವುದಕ್ಕೆ ಅಂಕ ಇಟ್ಟರು. ಮಡಿಕೆ ಬೀಳದಂತೆ ಇಟ್ಟವರಿಗೆ ಪೂರ್ತಿ ಅಂಕ, ಮರೆತವರು ಫೇಲು. ಫೋಟೋಗಳು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ‘ನಮ್ಮ ಯಶಸ್ಸು’ ಎಂಬ ತಲೆಬರಹದ ಕೆಳಗೆ ಸಾಲುಗಟ್ಟಿ ನಿಂತವು. ನೋಡಿದವರಿಗೆ ಅಲ್ಲಿ ನೌಕರಿಗಳು ಉದುರುತ್ತಿರುವಂತೆ ಕಾಣುತ್ತಿತ್ತು.

ಹಾಗೆ ಕಂಡು ಮೋಸಹೋದವರಲ್ಲಿ ಒಂದು ನಿಜವಾದ ಕಂಪನಿಯೂ ಇತ್ತು. ಪಟ್ಟಣದ ಕೆಳಗೆ ರೈಲಿಗಾಗಿ ಸುರಂಗ ಕೊರೆಯುವ ಕಂಪನಿ. ಅಂತಿಮ ವರ್ಷದವರನ್ನು ಸಂದರ್ಶಿಸಿ, ಹಿಡಿಸಿದರೆ ಅಲ್ಲೇ ನೇಮಕಾತಿ ಪತ್ರ ಕೊಡುವುದಾಗಿ ಅವರು ತಿಳಿಸಿದಾಗ ಕುಲಪತಿಗಳು ಕುಣಿದುಬಿಟ್ಟರು. ಮೇಷ್ಟ್ರಿಗೆ ಹೊಳೆದದ್ದೇ ಬೇರೆ. ಸುರಂಗ ಅಂದರೆ ಕಲ್ಲು! ಮಗಳಿಗಾಗಿಯೇ ಹೇಳಿ ಮಾಡಿಸಿದ ಹಾಗೆ ಬಂದಿದೆ!

“ಎಲ್ಲಾ ಅಭ್ಯಾಸದಲ್ಲಿ ಹೇಗೋ ಹಾಗೇ ನಡೀಬೇಕು ಮೇಷ್ಟ್ರೇ,” ಎಂದು ಕುಲಪತಿಗಳು ತಾಕೀತು ಮಾಡಿದರು. “ಅದೇ ಕೋಣೆ, ಅದೇ ಫೋಟೋದವನು. ಹುಡುಗರು ಗಾಬರಿಯಾಗಬಾರದು.”

ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿ “ಇವತ್ತಿಂದು ನಿಜವಾದ ಸಂದರ್ಶನ” ಎಂದು ಒತ್ತಿ ಒತ್ತಿ ಹೇಳಿದರು. ಹುಡುಗರು ಎಂದಿನಂತೆ “ಆಯ್ತು ಸಾರ್” ಎಂದರು. ಒಬ್ಬ ಮಾತ್ರ ಪಕ್ಕದವನಿಗೆ “ಈ ಸಲ ಕೋಟು ಚೆನ್ನಾಗಿದೆ ಕಣೋ” ಎಂದು ಪಿಸುಗುಟ್ಟಿದ.

ಕಂಪನಿಯಿಂದ ಬಂದಿದ್ದವರು ಒಬ್ಬ ಅಧಿಕಾರಿ ಮೇಡಂ ಮತ್ತು ಅವರ ಸಹಾಯಕ. ಮೇಷ್ಟ್ರು ತಮ್ಮ ಖಾಯಂ ಜಾಗದಲ್ಲಿ, ಹೊರಬಾಗಿಲ ಆಚೆ, ಟ್ರೇ ಪಕ್ಕ ನಿಂತರು. ಬಾಗಿಲ ಗಾಜಿನಿಂದ ಒಳಗಿನದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಕೂತರು, ನಕ್ಕರು, ತಲೆಯಾಡಿಸಿದರು. ಮೇಡಂ ಮುಖ ಅರಳುತ್ತಾ ಹೋಯಿತು. ಒಬ್ಬರನ್ನೂ ಬಿಡದೆ ಪತ್ರಕ್ಕೆ ಸಹಿ ಹಾಕಿ ಹಾಕಿ ಕೊಟ್ಟರು.

ಮಗಳ ಸರದಿ ಬಂದಾಗ ಮೇಷ್ಟ್ರು ಗಾಜಿಗೆ ಮೂಗು ಒತ್ತಿ ನಿಂತರು. ಅವಳು ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಳು. ಮುಂದಕ್ಕೆ ಬಾಗಿ ಏನೋ ಕೇಳಿದಳು, ಉತ್ತರ ಕೇಳಿ ಮತ್ತೇನೋ ಕೇಳಿದಳು. ಮೇಡಂ ಸಹಾಯಕನ ಮುಖ ನೋಡಿದರು, ಸಹಾಯಕ ಗಡಿಯಾರ ನೋಡಿದ. ಕಲ್ಲಿನ ಮಾತೇ ಇರಬೇಕೆಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು. ಕೊನೆಗೆ ಅವಳಿಗೂ ಪತ್ರ ಸಿಕ್ಕಿತು. ಫೋಟೋ ಆಯಿತು. ಹೊರಗೆ ಬಂದು, ಅಪ್ಪನ ಮುಖ ನೋಡುತ್ತ, ಪತ್ರವನ್ನು ನಿಧಾನವಾಗಿ ಟ್ರೇನಲ್ಲಿಟ್ಟಳು.

“ಧನ್ಯವಾದ ಸಾರ್,” ಅಂದಳು.

“ವೆರಿ ಗುಡ್,” ಅಂದರು ಮೇಷ್ಟ್ರು.

ಮಡಿಕೆ ಬಿದ್ದಿರಲಿಲ್ಲ. ಮೇಷ್ಟ್ರು ಹದಿನೈದು ಪತ್ರಗಳನ್ನೂ ಅಂಚು ಸರಿಮಾಡಿ ಜೋಡಿಸಿ, ಒಳಗೆ ಹೋಗಿ, ಮೇಡಂ ಮುಂದೆ ಮೇಜಿನ ಮೇಲೆ ಅಚ್ಚುಕಟ್ಟಾಗಿ ಇಟ್ಟು ಬಂದರು. ಕೈ ತನ್ನ ಪಾಡಿಗೆ ತಾನು ಆ ಕೆಲಸ ಮಾಡಿತು. ತಲೆ ಅಷ್ಟು ಹೊತ್ತೂ ಮಗಳಿಗೆ ಕೆಲಸ ಸಿಕ್ಕಿತೆಂಬ ಖುಷಿಯಲ್ಲಿ ತೇಲುತ್ತಿತ್ತು.

ಅವರಿಗೆ ಎಚ್ಚರವಾದದ್ದು ಕಾರು ಹೊರಟ ಮೇಲೆ. ಚಹಾ ಕುಡಿಸಿ ಅತಿಥಿಗಳನ್ನು ಬೀಳ್ಕೊಟ್ಟ ಕುಲಪತಿಗಳು ಮುಖ ಊರಗಲ ಮಾಡಿಕೊಂಡು ಬಂದರು.

“ಮೇಷ್ಟ್ರೇ, ಎಂಥ ಗತ್ತು ರೀ ನಿಮ್ಮ ಹುಡುಗರದ್ದು! ಹದಿನೈದಕ್ಕೆ ಹದಿನೈದು ಮಂದಿ ಆಯ್ಕೆ. ಹದಿನೈದು ಮಂದೀನೂ ಕೆಲಸ ಬೇಡ ಅಂದ್ರಂತಲ್ಲ! ಪಾಪ, ಆಯಮ್ಮನ ಮುಖ ಇಷ್ಟಾಗಿ ಹೋಗಿತ್ತು.”

ಮೇಷ್ಟ್ರು ಎರಡೂ ಕೈ ಆಡಿಸಿದರು. “ಬೇಡ ಅಂದಿಲ್ಲ ಸಾರ್! ವಾಪಸ್ ಕೊಡೋದು ಅಭ್ಯಾಸ. ನಾವೇ ಕಲಿಸಿದ್ದಲ್ವಾ? ಅಂಕ ಇಟ್ಟಿದೀವಲ್ಲ! ನಾನೇ, ನನ್ನ ಕೈಯಾರೆ ತಗೊಂಡು ಹೋಗಿ ಅವರ ಮುಂದಿಟ್ಟೆ ಸಾರ್!”

ಕುಲಪತಿಗಳ ಮುಖ ಇನ್ನೂ ಅಗಲವಾಯಿತು. “ಹೌದಾ? ತುಟಿಪಿಟಕ್ ಅನ್ಬೇಡಿ. ‘ಕೆಲಸವನ್ನೇ ತಿರಸ್ಕರಿಸುವ ಮಟ್ಟದ ಪದವೀಧರರು!’ ಯಾವ ವಿಶ್ವವಿದ್ಯಾಲಯಕ್ಕಿದೆ ಹೇಳಿ ಈ ಹೆಗ್ಗಳಿಕೆ? ನಾಳೆಯೇ ವೆಬ್‌ಸೈಟಿಗೆ ಹಾಕಿಸ್ತೀನಿ.”

“ಹುಡುಗರ ಹೊಟ್ಟೆಪಾಡು ಸಾರ್!”

“ನೀವು ಹೋಗಿ ನಿಜ ಹೇಳಿದ್ರೆ ಆ ಹಳೇ ಫೋಟೋಗಳೆಲ್ಲ ಏನು ಅಂತ ಕೇಳ್ತಾರೆ. ನಿರ್ದೇಶಕರು ಯಾರು ಅಂತಾನೂ ಕೇಳ್ತಾರೆ. ನಿಮ್ಮ ಕಾಲ ಮೇಲೆ ನೀವೇ ಚಪ್ಪಡಿ ಎಳ್ಕೋಬೇಡಿ.”

ಇಷ್ಟು ವರ್ಷ ಕುಲಪತಿಗಳ ಎದುರು ನೆಟ್ಟಗೆ ನಿಂತು ಮಾತಾಡದ ಮೇಷ್ಟ್ರು ಅವತ್ತು ಅವರ ಮಾತು ಮುಗಿಯುವ ಮೊದಲೇ ಓಡಿದರು. ಚಪ್ಪಲಿಯ ಪಟ್ಟಿ ಕಿತ್ತಿತು, ಕೈಯಲ್ಲಿ ಹಿಡಿದುಕೊಂಡು ಓಡಿದರು. ಮುಖ್ಯದ್ವಾರದಲ್ಲಿ ಕಾವಲುಗಾರ ಕಾರಿನ ನಂಬರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದುಕೊಳ್ಳುತ್ತಿದ್ದುದರಿಂದ ಕಾರು ಇನ್ನೂ ಅಲ್ಲೇ ನಿಂತಿತ್ತು. ಮೇಷ್ಟ್ರು ಕಿಟಕಿ ತಟ್ಟಿ, ಏದುಸಿರು ಬಿಡುತ್ತ, ಒಂದನ್ನೂ ಮುಚ್ಚಿಡದೆ ಹೇಳಿದರು. ಒಂದೇ ಪತ್ರ, ಟ್ರೇ, ಅಂಕ, ಫೋಟೋ, ಬಾಡಿಗೆ ಕೋಟಿನ ಭಾವಮೈದ, ಎಲ್ಲ.

ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತರು. ಮೇಡಂ ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಸಹಾಯಕನಿಂದ ಕರವಸ್ತ್ರ ಇಸಿದುಕೊಂಡರು.

“ಅಂದ್ರೆ, ಕೈಗೆ ಕೊಟ್ಟಿದ್ದನ್ನ ಯಾಕೆ ಏನು ಅಂತ ಕೇಳದೆ ವಾಪಸ್ ಕೊಡ್ತಾರೆ, ಮೇಲೆ ಧನ್ಯವಾದ ಬೇರೆ ಹೇಳ್ತಾರೆ?”

“ಹೌದು ಮೇಡಂ. ತಪ್ಪಾಯ್ತು.”

“ತಪ್ಪಾ? ಇಂಥವರನ್ನೇ ಹುಡುಕ್ತಾ ಊರೂರು ಅಲೀತಿದೀನಿ ನಾನು!” ಮೇಡಂ ಚೀಲದಿಂದ ಪತ್ರಗಳ ಕಟ್ಟು ತೆಗೆದು ಅವರ ಕೈಗೆ ಹಾಕಿದರು. “ಎಲ್ಲರೂ ಮುಂದಿನ ವಾರವೇ ಬರಲಿ. ಒಬ್ಬಳು ಹುಡುಗಿ ಮಾತ್ರ ಸ್ವಲ್ಪ ಪ್ರಶ್ನೆ ಜಾಸ್ತಿ ಕೇಳಿದಳು. ಇರಲಿ, ಅವಳದ್ದೂ ಇದೆ ಇದರಲ್ಲಿ. ಅವಳಿಗೂ ಅಭ್ಯಾಸ ಆಗತ್ತೆ.”

ಮೇಷ್ಟ್ರು ಪತ್ರಗಳನ್ನು ಹಂಚಿದಾಗ ಕೋಣೆಯಲ್ಲಿ ಮೊದಲು ಯಾರೂ ನಂಬಲಿಲ್ಲ, ಆಮೇಲೆ ಕಿರುಚಾಟ ಸೂರು ಮುಟ್ಟಿತು. ಒಬ್ಬ ಹುಡುಗಿ ಗೋಡೆಗೆ ಆನಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇನ್ನೊಬ್ಬ ಪತ್ರ ಓದಿ ಮುಗಿಸಿ, ಎದ್ದು, ಟ್ರೇ ಎಲ್ಲಿದೆಯೆಂದು ಹುಡುಕಿದ. ಅವನನ್ನು ಇಬ್ಬರು ಹಿಡಿದು ಕೂರಿಸಬೇಕಾಯಿತು. ಮೇಷ್ಟ್ರ ಕೈಯಲ್ಲಿ ಕೊನೆಗೆ ಉಳಿದದ್ದು ಮಗಳ ಪತ್ರ. ಅವಳು ಕೋಣೆಯಲ್ಲಿರಲಿಲ್ಲ.

ಹಿಂದಿನ ಗೇಟಿನ ಆಚೆ ಬಸ್ ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕೂತಿದ್ದಳು. ಮೇಷ್ಟ್ರು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪತ್ರ ಹಿಡಿದು ಹತ್ತಿರ ಬಂದರು.

“ಪುಟ್ಟೀ, ಇದು ನಿಜವಾದ್ದು ಕಣೇ! ನೀವೆಲ್ಲ ಅಭ್ಯಾಸ ಅಂದ್ಕೊಂಡು ವಾಪಸ್ ಕೊಟ್ಬಿಟ್ರಿ. ನಾನು ಓಡಿ ಹೋಗಿ ತಂದೆ. ತಗೋ.”

“ನಿಜವಾದ್ದು ಅಂತ ನನಗೆ ಗೊತ್ತಿತ್ತಪ್ಪ.”

“ಗೊತ್ತಿದ್ದೂ ಟ್ರೇನಲ್ಲಿ ಇಟ್ಯಾ?”

“ಅವರೆಲ್ಲ ಅಭ್ಯಾಸಕ್ಕೆ ಇಟ್ರು. ನಾನು ಬೇಡ ಅಂತ ಇಟ್ಟೆ.” ಅವಳು ಬೆಂಚಿನ ಮೇಲೆ ಅಪ್ಪನಿಗೆ ಜಾಗ ಬಿಟ್ಟಳು. “ಕೆಲಸ ಏನು ಗೊತ್ತಾ? ಸುರಂಗದ ಮೇಲಿರೋ ಮನೆಮನೆಗೂ ಹೋಗಿ, ಏನೂ ಆಗಲ್ಲ ಅಂತ ನಗ್ತಾ ಹೇಳೋದು. ಅಲ್ಲಿ ಕೆಳಗೆ ಯಾವ ಕಲ್ಲಿದೆ ಅಂತ ಕೇಳಿದೆ. ಅದು ನಿನಗೆ ಬೇಡ ಅಂದ್ರು. ಗೋಡೆ ಬಿರುಕು ಬಿಟ್ರೆ ಏನು ಹೇಳ್ಲಿ ಅಂದೆ. ಹಳೇ ಬಿರುಕು ಅನ್ನಬೇಕಂತೆ. ಹೊಸ ಬಿರುಕು ಯಾವುದು ಹಳೇದು ಯಾವುದು ಅಂತ ನೀನೇ ಅಲ್ವಾ ನನಗೆ ತೋರಿಸಿಕೊಟ್ಟಿದ್ದು?”

ಮೇಷ್ಟ್ರು ಕೂತರು. ಕಿತ್ತ ಚಪ್ಪಲಿಯನ್ನು ಕಾಲ ಬಳಿ ಇಟ್ಟರು.

“ಮತ್ತೆ ಏನ್ಮಾಡ್ತೀಯ?”

“ಪಕ್ಕದೂರಲ್ಲಿ ಭೂವಿಜ್ಞಾನಕ್ಕೆ ಸೀಟು ಸಿಕ್ಕಿದೆ. ಅಮ್ಮನಿಗೆ ಗೊತ್ತು. ಮೊದಲನೇ ವರ್ಷದಿಂದ ಓದಬೇಕು.”

“ಮೊದಲನೇ ವರ್ಷದಿಂದಾನಾ!” ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಹಾಗಾದ್ರೆ ಈ ಮೂರು ವರ್ಷ ಹಾಳಾಯ್ತಲ್ಲೇ.”

“ಹಾಳಾಗ್ಲಿಲ್ಲಪ್ಪ. ನಿನ್ನ ಕೆಲಸ ಉಳೀತಲ್ಲ.”

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಒಳ್ಳೆಯದಿತ್ತು. ತಿರುಗಿ ಎರಡು ಮಾತು ಬೈದು ಹಗುರಾಗಬಹುದಿತ್ತು.

“ಹದಿನಾಲ್ಕೇ ಮಂದಿ ಸೇರಿದಾರೆ ಅಂತ ನನಗೆ ಅವತ್ತೇ ಗೊತ್ತಿತ್ತು,” ಅಂದಳು. “ಊರೆಲ್ಲ ಕರಪತ್ರ ಹಂಚಿದ್ಯಲ್ಲ, ನನ್ನ ಸ್ನೇಹಿತೆಯರ ಮನೆಗೂ ಹೋಗಿ, ಇನ್ನೊಬ್ಬರು ಸಿಗದಿದ್ರೆ ಕೆಲಸ ಹೋಗತ್ತೆ ಅಂದಿದ್ಯಂತೆ. ನೀನೇ ಬಾಯಿಬಿಟ್ಟು ಕೇಳ್ತೀಯ ಅಂತ ಕಾದೆ. ಕೇಳಿದ್ರೂ ಸೇರ್ತಿದ್ದೆ. ನೀನು ಕಲ್ಲಿಗೆ ಭವಿಷ್ಯ ಇಲ್ಲ ಅಂದೆ ನೋಡು, ಅದೊಂದು ಬೇಜಾರಾಯ್ತು.”

ಮೇಷ್ಟ್ರ ಕಣ್ಣು ತುಂಬಿತು. ಮಗಳ ಮುಂದೆ ಅತ್ತರೆ ಮರ್ಯಾದೆ ಹೋಗುತ್ತದೆಂದು ರಸ್ತೆಯ ಕಡೆ ನೋಡಿದರು, ಆದರೂ ಹನಿ ಬಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆಗೆಯುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಕೊಂಡಿತು. ಕುಲಪತಿಗಳದ್ದು. ಅವರ ದನಿಗೆ ಫೋನೇ ಬೇಕಿರಲಿಲ್ಲ, ಬೆಂಚಿನ ಆಚೆಗೂ ಕೇಳುತ್ತಿತ್ತು.

“ಮೇಷ್ಟ್ರೇ! ಆಯಮ್ಮ ಫೋನ್ ಮಾಡಿದ್ರು! ಹುಡುಗರನ್ನ ಹೊಗಳಿದ್ದೇ ಹೊಗಳಿದ್ದು. ನೀವು ಓಡಿದ್ದೇ ಒಳ್ಳೇದಾಯ್ತು, ನಾನೇ ಕಳ್ಸಿದ್ದು ಅಂತ ಹೇಳಿದೀನಿ. ಕೇಳಿ, ಮುಂದಿನ ವರ್ಷದಿಂದ ಉದ್ಯೋಗ ಸಿದ್ಧತೆಯಲ್ಲಿ ಸ್ನಾತಕೋತ್ತರ ಪದವೀನೂ ಶುರು. ಕನಿಷ್ಠ ಮೂವತ್ತು ಮಂದಿ. ನಿಮಗೇನು, ಹದಿನೈದು ತಂದವರಿಗೆ ಮೂವತ್ತು ಕಷ್ಟಾನಾ?”

ಮಗಳು ಅಪ್ಪನ ಕಡೆ ತಿರುಗಿದಳು. “ಈ ಸಲ ಯಾರನ್ನ ಸೇರಿಸ್ತೀಯಪ್ಪ?” ಎಂದು ಮೆಲ್ಲಗೆ ಕೇಳಿದಳು.

ಮೇಷ್ಟ್ರು ಮಗಳ ಪತ್ರವನ್ನು ಬೆಂಚಿನ ಮೇಲಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡರು. ಆ ಕಡೆಯಿಂದ ಹಲೋ, ಹಲೋ ಎಂದು ಬರುತ್ತಲೇ ಇತ್ತು.

“ಸಾರ್, ಮೂವತ್ತು ಸಿಗಲ್ಲ,” ಅಂದರು. “ಹದಿನೈದೂ ಸಿಕ್ಕಿರ್ಲಿಲ್ಲ. ಸಿಕ್ಕಿದ್ದು ಹದಿನಾಲ್ಕೇ. ಇನ್ನೊಂದು ನನ್ನ ಮಗಳು.”

“ಅದಕ್ಕೇನೀಗ? ಮಗಳಾದ್ರೇನು, ಲೆಕ್ಕಕ್ಕೆ ಬರಲ್ವಾ?” ಅಂದರು ಕುಲಪತಿಗಳು.

“ಬರಲ್ಲ ಸಾರ್. ಆ ಪದವಿ ಅವತ್ತೇ ರದ್ದಾಗಬೇಕಿತ್ತು,” ಎಂದು ಹೇಳಿ ಮೇಷ್ಟ್ರು ಫೋನು ಇಟ್ಟರು.